ತಂದೆಯ ಜಮೆ, ಮಗನ ಖರ್ಚು: ಮನೆಯ ತಾಳೆಪಟ್ಟಿ

ಬ್ಯಾಂಕಿನ ಕೆಲಸದಲ್ಲಿರುವವನು ದಿನದ ಕೊನೆಗೆ ಜಮೆಯನ್ನೂ ಖರ್ಚನ್ನೂ ತಾಳೆ ನೋಡದೆ ಮನೆಗೆ ಹೊರಡುವಂತಿಲ್ಲ. ಒಂದು ರೂಪಾಯಿ ಹೆಚ್ಚು ಬಂದರೂ ತಪ್ಪು, ಕಡಿಮೆ ಬಂದರೂ ತಪ್ಪು. ಇದನ್ನೇ ವೃತ್ತಿಯಾಗಿಸಿಕೊಂಡ ನನ್ನ ಮನೆಯಲ್ಲಿಯೇ ತಂದೆ-ಮಗನ ಲೆಕ್ಕವೊಂದು ಹನ್ನೆರಡು ವರ್ಷ ತಾಳೆಯಾಗದೆ ಉಳಿದಿತ್ತು. ಅದನ್ನು ಇಲ್ಲಿ ಬಿಚ್ಚಿಡುವುದಕ್ಕೆ ಸಂಕೋಚವಿದೆ. ಆದರೆ ಮುಂಬಯಿಯ ನಮ್ಮವರ ಅನೇಕ ಮನೆಗಳಲ್ಲಿ ಇದೇ ಲೆಕ್ಕ ಇದೇ ರೀತಿ ಬಾಕಿ ಉಳಿದಿರುವುದನ್ನು ಕಂಡಿರುವುದರಿಂದ, ಬರೆಯುವುದೇ ಉಚಿತವೆಂದು ತೋರಿತು. ಆರೋಗ್ಯ ಲೇಖನಗಳ ನಡುವೆ ಹಣದ ಮಾತೇಕೆ ಎಂದು ಓದುಗರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಮುಂದೆ ತಾನಾಗಿಯೇ ದೊರೆಯುತ್ತದೆ.

ಇಂದಿನ ಜಗಳವಲ್ಲ

ಹಿರಿಯರಿಗೂ ಕಿರಿಯರಿಗೂ ಹಣದ ವಿಷಯದಲ್ಲಿ ಮನಸ್ತಾಪ ಹುಟ್ಟುವುದು ಹೊಸತೇನೂ ಅಲ್ಲ. ‘ತಾಯಿ ಮಕ್ಕಳಾದರೂ ಬಾಯಿ ಬೇರೆ, ಹೊಟ್ಟೆ ಬೇರೆ’ ಎಂಬ ಗಾದೆ ನಮ್ಮಲ್ಲಿ ಹಳೆಯದು. ಈ ವ್ಯಾಜ್ಯಕ್ಕೆ ಶಾಸ್ತ್ರೋಕ್ತವಾದ ಪರಿಹಾರವೊಂದನ್ನು ಹೇಳಿದ ಗ್ರಂಥ ಹುಟ್ಟಿದ್ದು ಕನ್ನಡ ನಾಡಿನಲ್ಲಿಯೇ ಎಂಬುದನ್ನು ನಾವು ಸ್ಮರಿಸಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಸಿದ್ಧಾಂತ. ಬಂಗಾಳದಲ್ಲಿ ಪ್ರಚಲಿತವಾದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರವಾದರೋ ತಂದೆ ಬದುಕಿರುವವರೆಗೆ ಮಗನಿಗೆ ಆ ಹಕ್ಕಿಲ್ಲ. ನಮ್ಮ ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ತಾಯಿಯ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಅಲ್ಲಿ ಲೆಕ್ಕ ಕೇಳುವವನು ಸೋದರಳಿಯ, ಕೊಡಬೇಕಾದವನು ಸೋದರಮಾವ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ದೇಶಾದ್ಯಂತ ಜನ್ಮತಃ ಪಾಲು ದೊರೆಯಿತು.

ಆದರೆ ಈ ಶಾಸ್ತ್ರಗಳೆಲ್ಲ ಹೊಲ, ತೋಟ, ಮನೆಗಳನ್ನು ಕಣ್ಣಮುಂದಿರಿಸಿಕೊಂಡು ಹುಟ್ಟಿದವು. ಹೊಟ್ಟೆಪಾಡಿಗೆಂದು ನಗರಕ್ಕೆ ಬಂದ ನಮ್ಮ ಆಸ್ತಿಯ ಸ್ವರೂಪವೇ ಬೇರೆ. ಸಂಬಳ, ಭವಿಷ್ಯನಿಧಿ, ಪಿಂಚಣಿ, ಠೇವಣಿಯ ಬಡ್ಡಿ, ಗೃಹಸಾಲದ ಕಂತು – ಇವೇ ನಮ್ಮ ಹೊಲ, ನಮ್ಮ ತೋಟ. ಇವುಗಳಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ನಿರ್ಣಯಿಸುವವರು ಮನೆಯ ಯಜಮಾನರಲ್ಲ. ಸರ್ಕಾರದ ಕಾಯಿದೆ, ರಿಸರ್ವ್ ಬ್ಯಾಂಕಿನ ದರ, ನೌಕರ ಸಂಘಟನೆಗಳ ಒಪ್ಪಂದ ಇವೇ ಅದನ್ನು ನಿರ್ಣಯಿಸುತ್ತವೆ. ಆದುದರಿಂದಲೇ ಇಂದಿನ ಮನೆಗಳಲ್ಲಿ ಹಣದ ಜಗಳವು ನೋಡುನೋಡುತ್ತಿರುವಂತೆ ರಾಜಕೀಯದ ಜಗಳವಾಗುತ್ತದೆ. ಎಲ್ಲಿಯೋ ಯಾರೋ ಮಾಡಿದ ಹಂಚಿಕೆಗಾಗಿ ತಂದೆ ಮಗನನ್ನೂ ಮಗ ತಂದೆಯನ್ನೂ ದೂರುವಂತಾಗುತ್ತದೆ.

ಒಂದೇ ಬಗೆಯ ಮೇಜು, ಎರಡು ಬಗೆಯ ನಿವೃತ್ತಿ

ನನ್ನ ತಂದೆಯವರು ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ, 1964ರಲ್ಲಿ, ಮುಂಬಯಿಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಹಗಲು ಗಿರಾಕಿಗಳಿಗೆ ತಿಂಡಿ ಸರಬರಾಜು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚು. ಹೀಗೆ ಎಸ್.ಎಸ್.ಸಿ. ಮುಗಿಸಿ 1972ರಲ್ಲಿ ಬ್ಯಾಂಕೊಂದರಲ್ಲಿ ಗುಮಾಸ್ತರಾದರು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಶಾಖೆಗಳು ಊರೂರಿಗೆ ಹಬ್ಬುತ್ತಿದ್ದ ಕಾಲವದು. ನಮ್ಮ ಕರಾವಳಿಯ ಎಷ್ಟೋ ಮಂದಿ ರಾತ್ರಿಶಾಲೆಯ ಹುಡುಗರಿಗೆ ಆ ಬಾಗಿಲು ತೆರೆದದ್ದರಿಂದಲೇ ಬದುಕು ಹಸನಾಯಿತು.

ಅವರ ರಾಜಕೀಯವೂ ಆ ಬದುಕಿನಿಂದಲೇ ಬಂದದ್ದು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸರು ಟ್ಯಾಕ್ಸಿ ಚಾಲಕರನ್ನೂ ಹೋಟೆಲು ಕಾರ್ಮಿಕರನ್ನೂ ಸಂಘಟಿಸಿದ್ದು, 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥವರನ್ನು ಸೋಲಿಸಿದ್ದು, 1974ರ ಮೇ ತಿಂಗಳಿನ ರೈಲ್ವೆ ಮುಷ್ಕರ – ಇವನ್ನೆಲ್ಲ ತಂದೆಯವರು ನಿನ್ನೆಯ ಸಂಗತಿಗಳಂತೆ ಹೇಳುತ್ತಾರೆ. ಅದೇ 1974ರಲ್ಲಿ ಬಂದ ಕಡ್ಡಾಯ ಠೇವಣಿ ಕಾಯಿದೆಯಂತೆ ನೌಕರರಿಗೆ ಹೆಚ್ಚಿದ ತುಟ್ಟಿಭತ್ಯೆಯ ಅರ್ಧ ಭಾಗ ಕೈಗೆ ಬಾರದೆ ಠೇವಣಿಗೆ ಹೋಗತೊಡಗಿತು. ಮರುವರ್ಷ ತುರ್ತುಪರಿಸ್ಥಿತಿ. ಆ ದಿನಗಳನ್ನು ಕಂಡವರಿಗೆ ತುಟ್ಟಿಭತ್ಯೆ ಎಂಬುದು ಬರಿಯ ಅಂಕಿಯಲ್ಲ, ಹೋರಾಡಿ ಪಡೆದ ಮರ್ಯಾದೆ.

ನಾನು ಹುಟ್ಟಿದ್ದು 1981ರಲ್ಲಿ. 1982ರ ಜನವರಿಯಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದ ನಂತರ ಕೆಲಸ ಕಳೆದುಕೊಂಡವರ ಮನೆಗಳ ನಡುವೆ ಬೆಳೆದವನು. ಹೋರಾಟವೆಂದರೆ ತಂದೆಯವರಿಗೆ ಗೆಲುವಿನ ನೆನಪು, ನನಗೆ ನೆರೆಮನೆಯ ಆರಿದ ಒಲೆ. ಬಿ.ಕಾಂ. ಮುಗಿಸಿ ಕೆಲವು ವರ್ಷ ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆದು, 2011ರಲ್ಲಿ ಬ್ಯಾಂಕಿನ ಅಧಿಕಾರಿಯಾದೆ. ತಂದೆಯವರು ಅಂದು ಇಡೀ ಚಾಳಿಗೆ ಪೇಡೆ ಹಂಚಿದರು.

ಸಂತೋಷದ ಹಿಂದೆಯೇ ಒಂದು ವ್ಯತ್ಯಾಸವೂ ಬಂತು. ಬ್ಯಾಂಕ್ ನೌಕರರಿಗೆ ಪಿಂಚಣಿ ಕೊಡುವ ಒಪ್ಪಂದ 1993ರದು, ನಿಯಮಗಳು 1995ರವು. ಮೂವತ್ತಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಅದಕ್ಕೆ ಪ್ರತಿಯಾಗಿ ಭವಿಷ್ಯನಿಧಿಯಲ್ಲಿ ಬ್ಯಾಂಕಿನ ಪಾಲನ್ನು ನೌಕರ ಬಿಟ್ಟುಕೊಡಬೇಕು. ಆಗ ಭವಿಷ್ಯನಿಧಿಯನ್ನೇ ಆರಿಸಿಕೊಂಡವರಿಗೆ 2010ರ ಏಪ್ರಿಲ್ 27ರ ಒಪ್ಪಂದ ಪಿಂಚಣಿಗೆ ಬರಲು ಎರಡನೆಯ ಅವಕಾಶ ಕೊಟ್ಟಿತು. ಆದರೆ ಅದೇ ಒಪ್ಪಂದ 2010ರ ಏಪ್ರಿಲ್ 1ರಿಂದೀಚೆಗೆ ಸೇರುವ ಹೊಸಬರಿಗೆ ಆ ಪಿಂಚಣಿಯನ್ನು ನಿಲ್ಲಿಸಿ, ಅವರನ್ನು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಮಾದರಿಗೆ ಒಳಪಡಿಸಿತು. ಇಲ್ಲಿ ನೌಕರನ ವೇತನದಿಂದ ಶೇಕಡಾ 10, ಬ್ಯಾಂಕಿನಿಂದ ಮೊದಲು ಶೇಕಡಾ 10, 2020ರ ಒಪ್ಪಂದದ ನಂತರ 14. ಈ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು ಬೆಳೆಯುತ್ತದೆ. ನಿವೃತ್ತಿಯ ದಿನ ಎಷ್ಟಾಗಿರುವುದೋ ಯಾರೂ ಹೇಳಲಾರರು.

2008ರಲ್ಲಿ ನಿವೃತ್ತರಾದ ತಂದೆಯವರು ಆ ಒಪ್ಪಂದದಿಂದ ಪಿಂಚಣಿದಾರರಾದರು. ಮರುವರ್ಷವೇ ಸೇರಿದ ನಾನು ಹೊಸ ವ್ಯವಸ್ಥೆಯವನಾದೆ. ಒಂದೇ ಕಾಗದದ ಒಂದು ಸಾಲು ತಂದೆಗೆ ಊಟ ಬಡಿಸಿತು, ಇನ್ನೊಂದು ಸಾಲು ಮಗನ ಎಲೆಯನ್ನೆತ್ತಿತು. ನನ್ನೊಳಗಿನ ಕಹಿಗೆ ಬೀಜ ಬಿದ್ದದ್ದು ಅಲ್ಲಿ.

ಮಾತು ಮುರಿದ ಸಂಜೆ

2023ರ ಮಾರ್ಚ್ 14ರಂದು ಮಹಾರಾಷ್ಟ್ರದ ಸರ್ಕಾರಿ ನೌಕರರು ಹಳೆಯ ಪಿಂಚಣಿಯನ್ನು ಮರಳಿ ಕೊಡಬೇಕೆಂದು ಮುಷ್ಕರ ಹೂಡಿದರು. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ನಿಂತಿತ್ತು. 2022ರಲ್ಲಿ ರಾಜಸ್ಥಾನ, ಛತ್ತೀಸಗಡ ಸರ್ಕಾರಗಳು ಅದನ್ನು ಮರಳಿ ಕೊಡುವುದಾಗಿ ಸಾರಿದ್ದವು. ಹಿಮಾಚಲ ಪ್ರದೇಶದ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಗಿತ್ತು.

ಅಂದು ರಾತ್ರಿ ಊಟದ ಹೊತ್ತಿಗೆ ದೂರದರ್ಶನದಲ್ಲಿ ಮುಷ್ಕರದ ಸುದ್ದಿ ಬರುತ್ತಿತ್ತು. ತಂದೆಯವರು, ‘ಹುಡುಗರು ಸರಿಯಾಗಿಯೇ ಕೇಳುತ್ತಿದ್ದಾರೆ’ ಎಂದರು. ನನ್ನ ನಾಲಿಗೆ ತಡೆಯಲಿಲ್ಲ. ‘ಅಪ್ಪಯ್ಯ, ನಿಮ್ಮ ತಲೆಮಾರು ಮೊದಲ ಪಂಕ್ತಿಯಲ್ಲಿ ಕುಳಿತು ಪಾಯಸದವರೆಗೆ ಉಂಡು ಎದ್ದಿತು. ನಮಗೆ ಉಳಿದದ್ದು ಪಾತ್ರೆಯ ತಳ. ಅದನ್ನೂ ನೀವೇ ಸಹಿ ಹಾಕಿ ತೀರ್ಮಾನಿಸಿದಿರಿ. ಈಗ ನಮ್ಮ ತೆರಿಗೆಯಿಂದ ನಿಮ್ಮ ಪಿಂಚಣಿ ನಡೆಯುತ್ತಿದೆ’ ಎಂದುಬಿಟ್ಟೆ.

ಅವರೂ ಬಿಡಲಿಲ್ಲ. ‘ಒಂದು ದಿನದ ಸಂಬಳ ಕಳೆದುಕೊಂಡು ಬೀದಿಗಿಳಿಯುವ ಧೈರ್ಯ ನಿಮಗಿಲ್ಲ. ಬಂದ ಸಂಬಳವನ್ನೆಲ್ಲ ಕಂತಿಗೂ ಫೋನಿಗೂ ಸುರಿದು, ಕೊನೆಗೆ ಹಿರಿಯರು ತಿಂದುಹೋದರು ಎನ್ನುತ್ತೀರಿ’ ಎಂದರು.

ಆಗಷ್ಟೆ ಕಾಲೇಜಿನ ಹೊಸ್ತಿಲಿಗೆ ಬಂದಿದ್ದ ಮಗಳು ತಟ್ಟೆಯಿಂದ ತಲೆ ಎತ್ತದೆ, ‘ಅಜ್ಜಯ್ಯನಿಗೆ ಪಿಂಚಣಿ ಇದೆ. ಅಪ್ಪನಿಗೆ ಎನ್.ಪಿ.ಎಸ್. ಇದೆ. ನನಗೆ ಕೆಲಸವಾದರೂ ಇರುತ್ತದೆಯೆ?’ ಎಂದಳು. ಯಾರೂ ಉತ್ತರಿಸಲಿಲ್ಲ. ತಂದೆಯವರು ಮಜ್ಜಿಗೆಯನ್ನು ಮುಟ್ಟದೆ ಎದ್ದರು. ಅಂದಿನಿಂದ ಮೂರು ತಿಂಗಳು ನಮ್ಮ ನಡುವೆ ಮಾತು ‘ಹೂಂ’, ‘ಊಹೂಂ’ಗಳಲ್ಲಿ ಮುಗಿಯುತ್ತಿತ್ತು.

ಆಪಾದನೆಗಳ ಲೆಕ್ಕಪರಿಶೋಧನೆ

ಕೋಪ ಇಳಿದ ಮೇಲೆ ಆಡಿದ ಮಾತುಗಳನ್ನು ಲೆಕ್ಕಪರಿಶೋಧಕನ ಕಣ್ಣಿನಿಂದ ನೋಡಬೇಕು. ಹಾಗೆ ನೋಡಿದಾಗ ನನ್ನ ಆಪಾದನೆಯೇ ಮೊದಲು ಬಿದ್ದುಹೋಯಿತು. ಹಳೆಯ ಪದ್ಧತಿಯ ಸರ್ಕಾರಿ ಪಿಂಚಣಿ ವರ್ಷವರ್ಷವೂ ಬೊಕ್ಕಸದಿಂದ, ಎಂದರೆ ಆಯಾ ವರ್ಷದ ತೆರಿಗೆದಾರರ ಹಣದಿಂದ ಹೋಗುವುದು ನಿಜ. ಅಲ್ಲಿ ಕಿರಿಯರ ಆತಂಕಕ್ಕೆ ಆಧಾರವಿದೆ. ಬ್ಯಾಂಕ್ ನೌಕರರ ಪಿಂಚಣಿ ಹಾಗಲ್ಲ. ಭವಿಷ್ಯನಿಧಿಯಲ್ಲಿ ಅವರು ಬಿಟ್ಟುಕೊಟ್ಟ ಬ್ಯಾಂಕಿನ ಪಾಲು ಹಾಗೂ ಬ್ಯಾಂಕು ತೆಗೆದಿರಿಸುವ ಹಣದಿಂದ ಕೂಡಿದ ಪ್ರತ್ಯೇಕ ನಿಧಿಯಿಂದ ಅದು ಬರುತ್ತದೆ. ತಂದೆಯವರ ಮೂಲ ಪಿಂಚಣಿಯಾದರೂ 2008ರ ವೇತನದ ಮೇಲೆ ನಿಂತದ್ದು. ಮುಂದಿನ ವೇತನ ಪರಿಷ್ಕರಣೆಗಳು ಅದನ್ನು ಮುಟ್ಟಿಲ್ಲ, ತುಟ್ಟಿಭತ್ಯೆ ಮಾತ್ರ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಇನ್ನು ಬಡ್ಡಿಯ ವಿಷಯ. ನನ್ನ ವಯಸ್ಸಿನವರು ‘ನಿಮ್ಮ ಕಾಲದಲ್ಲಿ ಶೇಕಡಾ 12 ಬಡ್ಡಿ ಕೂತಲ್ಲೇ ಬರುತ್ತಿತ್ತು’ ಎಂದು ಹಿರಿಯರಿಗೆ ಹೇಳುವುದುಂಟು. ಸಾರ್ವಜನಿಕ ಭವಿಷ್ಯನಿಧಿಗೆ 1986ರಿಂದ 2000ದ ಜನವರಿಯವರೆಗೆ ಶೇಕಡಾ 12 ಬಡ್ಡಿ ಇದ್ದದ್ದು ಸತ್ಯ. 2020ರ ಏಪ್ರಿಲ್‌ನಲ್ಲಿ ಅದು 7.1ಕ್ಕೆ ಇಳಿಯಿತು. ಆದರೆ 1991ರ ಸುಮಾರಿಗೆ ಬೆಲೆಯೇರಿಕೆಯೂ ಎರಡಂಕಿಯಲ್ಲಿತ್ತೆಂಬುದನ್ನು ನಾವು ಮರೆಯುತ್ತೇವೆ. ಠೇವಣಿ ಹನ್ನೆರಡು ಬೆಳೆದರೆ ಅಕ್ಕಿಯ ಬೆಲೆಯೂ ಸರಿಸುಮಾರು ಅಷ್ಟೇ ಬೆಳೆಯುತ್ತಿತ್ತು.

ಹಿರಿಯರು ಮರೆಯುವ ಸಂಗತಿಯೊಂದಿದೆ. ಐವತ್ತು ಲಕ್ಷ ರೂಪಾಯಿ ಗೃಹಸಾಲಕ್ಕೆ ಇಪ್ಪತ್ತು ವರ್ಷದ ಅವಧಿಯಲ್ಲಿ ಶೇಕಡಾ 7ರ ದರದಂತೆ ತಿಂಗಳ ಕಂತು ಸುಮಾರು 38,765 ರೂಪಾಯಿ. ಶೇಕಡಾ 9ರಂತೆ ಸುಮಾರು 44,986. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಲ್ಲಿ 4ಕ್ಕೆ ಇಳಿದು, 2022ರ ಮೇ ತಿಂಗಳಿನಿಂದ ಏರುತ್ತ 2023ರ ಫೆಬ್ರುವರಿಯಲ್ಲಿ 6.5 ಆಯಿತು. ದರ ಇಳಿದಿದ್ದಾಗ ಠೇವಣಿಯ ಬಡ್ಡಿಯಿಂದ ಬದುಕುವ ಹಿರಿಯರು ಕೌಂಟರಿಗೆ ಬಂದು, ‘ಸರ್ಕಾರ ನಮ್ಮನ್ನು ಮರೆತಿತು’ ಎಂದು ನಿಟ್ಟುಸಿರಿಟ್ಟರು. ಏರಿದಾಗ ಅವರ ಮಕ್ಕಳೇ ಬಂದು, ‘ನಮ್ಮ ಕಂತು ಏಕೆ ಹೆಚ್ಚಿತು?’ ಎಂದು ಕೇಳಿದರು. ಒಂದೇ ಮನೆಯ ಇಬ್ಬರು, ಒಂದೇ ಮೇಜಿನ ಮುಂದೆ, ಒಂದೇ ದರದ ಕುರಿತು ವಿರುದ್ಧವಾದ ದೂರು ತಂದದ್ದನ್ನು ನಾನು ಕಂಡಿದ್ದೇನೆ. ತಂದೆಗೆ ಲಾಭವಾದಾಗ ಮಗನಿಗೆ ನಷ್ಟ, ಮಗನಿಗೆ ಲಾಭವಾದಾಗ ತಂದೆಗೆ ನಷ್ಟ. ಅವರವರ ಮತವೂ ಆ ದಾರಿಯಲ್ಲಿಯೇ ಹೋದರೆ ಆಶ್ಚರ್ಯವೇನು? ಇದು ಯಾರ ಸ್ವಾರ್ಥವೂ ಅಲ್ಲ. ನಿಂತ ಜಾಗ ಬೇರೆಯಾದುದರಿಂದ ಕಾಣುವ ನೋಟ ಬೇರೆ.

ಒಂದು ದಿನ ಬಿಟ್ಟು ಒಂದು ದಿನ

ಆ ವರ್ಷದ ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ ತಂದೆಯವರು ಹಾಲು ತರಲು ಹೋಗಿ ಮೆಟ್ಟಿಲ ಬಳಿ ತಲೆ ಸುತ್ತಿ ಕುಸಿದರು. ವೈದ್ಯರು ನೋಡಿದಾಗ ರಕ್ತದೊತ್ತಡ ಬಹಳ ಏರಿತ್ತು. ಮಾತ್ರೆ ಕ್ರಮವಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅವರು ಕೇಳಿದರು. ‘ಹೌದು’ ಎಂದೆ ನಾನು. ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು, ‘ಮೂರು ತಿಂಗಳಿನಿಂದ ಒಂದು ದಿನ ಬಿಟ್ಟು ಒಂದು ದಿನ’ ಎಂದರು.

ಕಾರಣ ಕೇಳಿದಾಗ ತಿಳಿದದ್ದಿಷ್ಟು. ‘ನನ್ನ ಪಿಂಚಣಿ ಮಕ್ಕಳಿಗೆ ಭಾರ ಎಂದಾದ ಮೇಲೆ ಅದರಲ್ಲಿ ಎಷ್ಟು ಕಡಿಮೆ ಖರ್ಚಾದರೆ ಅಷ್ಟು ಒಳ್ಳೆಯದು’ ಎಂದು ಅವರು ಅಮ್ಮನಿಗೆ ಹೇಳಿದ್ದರಂತೆ. ನಿವೃತ್ತರು ತಮ್ಮ ಗುಂಪು ಆರೋಗ್ಯವಿಮೆಯ ಕಂತನ್ನು ಆಗ ತಾವೇ ಕಟ್ಟಬೇಕಾಗಿತ್ತು. ಅದು ವರ್ಷಗಳಲ್ಲಿ ಏರಿದ್ದರಿಂದ ಅದಕ್ಕಾಗಿ ಮಾತ್ರೆಯ ಹಣವನ್ನು ಉಳಿಸುತ್ತಿದ್ದರು. ನನ್ನನ್ನು ಕೇಳಲು ಅವರಿಗೆ ಮನಸ್ಸಿರಲಿಲ್ಲ. ಊಟದ ಮನೆಯಲ್ಲಿ ನಾನಾಡಿದ ಒಂದು ವಾಕ್ಯ ಅವರ ರಕ್ತನಾಳದವರೆಗೆ ಹೋಗಿತ್ತು.

ವೈದ್ಯರು ಅಂದು ಹೇಳಿದ್ದನ್ನು ಓದುಗರೆಲ್ಲರೂ ಗಮನಿಸಬೇಕೆಂದು ಪ್ರಾರ್ಥನೆ. ರಕ್ತದೊತ್ತಡ ಏರಿದರೂ ಬಹಳ ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ‘ಚೆನ್ನಾಗಿಯೇ ಇದ್ದೇನಲ್ಲ’ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಥವಾ ದಿನ ಬಿಟ್ಟು ತೆಗೆದುಕೊಳ್ಳುವುದು ಅಪಾಯಕರ. ಪಾರ್ಶ್ವವಾಯು, ಹೃದ್ರೋಗ, ಮೂತ್ರಪಿಂಡದ ತೊಂದರೆ – ಇವು ಮುನ್ಸೂಚನೆ ಕೊಡದೆ ಬರಬಹುದು. ಖರ್ಚಿನ ಚಿಂತೆಯಿದ್ದರೆ ಅದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಬೇಕು. ಅದೇ ಔಷಧ ಅಗ್ಗದ ದರದಲ್ಲಿ ಜನೌಷಧಿ ಕೇಂದ್ರಗಳಲ್ಲಿ ದೊರೆಯುವುದುಂಟು. ಎಪ್ಪತ್ತು ವರ್ಷ ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯವನ್ನು 2024ರ ಅಕ್ಟೋಬರ್‌ನಲ್ಲಿ ವಿಸ್ತರಿಸಲಾಯಿತು. ಅರ್ಹರಾದವರು ಅದರ ನಿಯಮಗಳನ್ನು ವಿಚಾರಿಸಿ ಹೆಸರು ನೋಂದಾಯಿಸಿಕೊಳ್ಳುವುದು ಲೇಸು.

ಟ್ರಂಕಿನಲ್ಲಿದ್ದ ಕಡತ

ತಂದೆಯವರು ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ನಾನು ನನ್ನ ಕಾಗದಗಳನ್ನೆಲ್ಲ ಅವರ ಮಂಚದ ಮೇಲೆ ಹರವಿದೆ. ಗೃಹಸಾಲದ ಲೆಕ್ಕಪಟ್ಟಿ, ಎನ್.ಪಿ.ಎಸ್. ಲೆಕ್ಕಪಟ್ಟಿ, ವಿಮೆಯ ಪಾಲಿಸಿ, ಮಗಳ ಶಿಕ್ಷಣಕ್ಕೆಂದು ಕೂಡಿಟ್ಟದ್ದು. ‘ನನ್ನ ಲೆಕ್ಕ ಇದು, ಅಪ್ಪಯ್ಯ. ನೋಡಿ’ ಎಂದೆ. ಅವರು ಕನ್ನಡಕ ಹಾಕಿಕೊಂಡು, ಹಿಂದೆ ವೋಚರುಗಳನ್ನು ನೋಡುತ್ತಿದ್ದ ಗಾಂಭೀರ್ಯದಿಂದಲೇ ಒಂದೊಂದನ್ನೂ ನೋಡಿದರು. ಎನ್.ಪಿ.ಎಸ್. ಪಟ್ಟಿಯನ್ನು ಎರಡು ಬಾರಿ ತಿರುವಿ ಹಾಕಿ, ‘ಇದರಲ್ಲಿ ತುಟ್ಟಿಭತ್ಯೆಯ ಕಾಲಂ ಎಲ್ಲಿದೆ?’ ಎಂದು ಕೇಳಿದರು.

‘ಇಲ್ಲ.’

‘ನಿವೃತ್ತಿಯ ನಂತರ ಬೆಲೆ ಏರಿದರೆ?’

‘ವರ್ಷಾಶನ ಎಷ್ಟು ಬರುತ್ತದೋ ಅಷ್ಟರಲ್ಲಿಯೇ ಸಾಗಿಸಬೇಕು.’

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಅಮ್ಮನಿಗೆ ಹೇಳಿ ಮಂಚದ ಕೆಳಗಿನ ಟ್ರಂಕನ್ನು ಎಳೆಸಿದರು. ಅದರ ತಳದಲ್ಲಿ ನೂಲು ಸುತ್ತಿದ ಒಂದು ಕಡತವಿತ್ತು. ಅದು 2010ರದು.

1995ರಲ್ಲಿ ಅವರು ಪಿಂಚಣಿಯ ಬದಲು ಭವಿಷ್ಯನಿಧಿಯನ್ನು ಆರಿಸಿಕೊಂಡಿದ್ದರು. ಶೇಕಡಾ 12 ಬಡ್ಡಿ ಬರುತ್ತಿದ್ದ ಆ ಕಾಲದಲ್ಲಿ ಕೈಯಲ್ಲಿ ಇಡಿಗಂಟು ಇದ್ದರೆ ಪಿಂಚಣಿಯ ಹಂಗೇಕೆ ಎಂಬ ಎಣಿಕೆ. ನಿವೃತ್ತರಾಗುವ ಹೊತ್ತಿಗೆ ಬಡ್ಡಿ ಇಳಿದು ಆ ಎಣಿಕೆ ತಲೆಕೆಳಗಾಗಿತ್ತು. ನಿವೃತ್ತಿಯಲ್ಲಿ ಬಂದ ಬ್ಯಾಂಕಿನ ಪಾಲು 5 ಲಕ್ಷ ರೂಪಾಯಿ. ಅದರಲ್ಲಿ 4 ಲಕ್ಷವನ್ನು 2009ರಲ್ಲಿ ಡೊಂಬಿವಿಲಿಯ ನನ್ನ ಫ್ಲ್ಯಾಟಿನ ಮುಂಗಡಕ್ಕೆಂದು ನನ್ನ ಕೈಗಿತ್ತಿದ್ದರು. 2010ರ ಎರಡನೆಯ ಅವಕಾಶವೋ ಪುಕ್ಕಟೆಯಾಗಿ ಬಂದುದಲ್ಲ. ನಿವೃತ್ತರಾದವರು ತಾವು ಪಡೆದಿದ್ದ ಬ್ಯಾಂಕಿನ ಪಾಲನ್ನು ಹಿಂದಿರುಗಿಸಿ, ಅದರ ಮೇಲೆ ಶೇಕಡಾ 56ರಷ್ಟನ್ನು ಹೆಚ್ಚಾಗಿ ಕಟ್ಟಬೇಕಿತ್ತು. 5 ಲಕ್ಷಕ್ಕೆ 2 ಲಕ್ಷ 80 ಸಾವಿರ ಸೇರಿ 7 ಲಕ್ಷ 80 ಸಾವಿರ.

ಈ ನಿಯಮ ವೃತ್ತಿಯ ಬಲದಿಂದ ನನಗೆ ಬಾಯಿಪಾಠವಿತ್ತು. ಅದನ್ನು ನನ್ನ ಮನೆಗೆ ಅನ್ವಯಿಸಿ ಒಂದು ದಿನವೂ ಯೋಚಿಸಿರಲಿಲ್ಲ. ಕಡತದಲ್ಲಿದ್ದ ರಸೀದಿಗಳು ಹೇಳಿದ್ದು ಹೀಗೆ: ಗ್ರಾಚ್ಯುಟಿಯ ಠೇವಣಿ ಮುರಿದು 3 ಲಕ್ಷ. ಊರಿನ ಹತ್ತು ಸೆಂಟ್ಸ್ ಜಾಗ ಮಾರಿ 3 ಲಕ್ಷ. ಅಮ್ಮನ ಬಳೆ, ಸರ ಅಡವಿಟ್ಟು 1 ಲಕ್ಷ 80 ಸಾವಿರ. ಊರಿನ ಜಾಗ ತಂಗಿಯ ಮದುವೆಯ ಸಾಲಕ್ಕೆ ಹೋಯಿತೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ನಾನು ವಾಸವಾಗಿದ್ದ ಮನೆಯ ಗೋಡೆಯಲ್ಲಿ ಅವರ ಪಿಂಚಣಿಯ ಇಟ್ಟಿಗೆಗಳಿದ್ದವು. ಅವನ್ನು ಕೀಳದೆ, ಬೇರೆಡೆಯಿಂದ ಇಟ್ಟಿಗೆ ತಂದು ಅವರು ತಮ್ಮ ಮುಪ್ಪಿಗೆ ಗೋಡೆ ಕಟ್ಟಿಕೊಂಡಿದ್ದರು.

‘ಇದನ್ನು ನನಗೇಕೆ ಹೇಳಲಿಲ್ಲ?’ ಎಂದೆ.

‘ಹೇಳಿದ್ದರೆ ಆ ನಾಲ್ಕು ಲಕ್ಷ ಹಿಂದಕ್ಕೆ ಕೇಳಿದ ಹಾಗಾಗುತ್ತಿತ್ತಲ್ಲ, ಮಗಾ’ ಎಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು: ‘ನೀನು ಹೇಳಿದ್ದರಲ್ಲಿಯೂ ನಿಜವಿದೆ. ಹೊಸಬರಿಗೆ ಪಿಂಚಣಿ ಇಲ್ಲ ಎಂಬ ಸಾಲನ್ನು ನಾನು ಓದಿದ್ದೆ. ಹೊಸಬರು ಎಂದರೆ ಯಾರೋ ಎಂದುಕೊಂಡೆ. ಮುಂದಿನ ವರ್ಷ ನನ್ನ ಮಗನೇ ಹೊಸಬನಾಗುತ್ತಾನೆ ಎಂದು ಹೊಳೆಯಲಿಲ್ಲ. ಹೊಳೆದಿದ್ದರೂ ಅವಕಾಶ ಬಿಡುತ್ತಿದ್ದೆನೋ ಇಲ್ಲವೋ, ಹೇಳಲಾರೆ.’

ನನ್ನ ತಂದೆಯವರ ಬಾಯಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಮಾತು ಅದು. ಹನ್ನೆರಡು ವರ್ಷದ ವ್ಯತ್ಯಾಸದ ಮೊತ್ತ ಅಂದು ಸಿಕ್ಕಿತು.

ನಾವಿಬ್ಬರೂ ಈಗ ಒಂದೇ ಪಕ್ಷಕ್ಕೆ ಮತ ಹಾಕುತ್ತೇವೆಂದು ಯಾರೂ ಭಾವಿಸಬಾರದು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ತಂದಿತು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟು ಖಚಿತ ಪಿಂಚಣಿ ಎಂಬುದು ಅದರ ತಿರುಳು. ಅದು ಸರಿಯೋ ತಪ್ಪೋ ಎಂದು ನಾವು ಮತ್ತೆ ವಾದಿಸಿದೆವು. ಆದರೆ ಈ ಸಲ ತಂದೆಯವರು, ‘ಇದರ ಹಣವನ್ನು ಮೊಮ್ಮಗಳ ಕಾಲದಲ್ಲಿ ಯಾರು ಕಟ್ಟುತ್ತಾರೆ?’ ಎಂದು ಕೇಳಿದರು. ನಾನು, ‘ಖಚಿತವಾದದ್ದೇನೂ ಇಲ್ಲದೆ ಮುಪ್ಪನ್ನು ಕಳೆಯುವುದು ಹೇಗೆ?’ ಎಂದು ಕೇಳಿದೆ. ಇಬ್ಬರೂ ಮಾತಿಗೆ ಮಾತು ಸೇರಿಸಿದೆವು. ಮಜ್ಜಿಗೆ ಮಾತ್ರ ಯಾರೂ ಬಿಟ್ಟು ಏಳಲಿಲ್ಲ.

ನಮ್ಮವರಲ್ಲಿ ಅರಿಕೆ

ಈ ಅನುಭವದಿಂದ ತೋರಿದ ಕೆಲವು ಮಾತುಗಳನ್ನು ಬಂಧುಗಳ ಮುಂದಿಡುತ್ತೇನೆ.

ಮೊದಲನೆಯದಾಗಿ, ವರ್ಷಕ್ಕೊಮ್ಮೆ, ಯುಗಾದಿಯ ಮರುದಿನವೋ ದೀಪಾವಳಿಯ ಲಕ್ಷ್ಮೀಪೂಜೆಯಂದೋ, ಮನೆಯ ಹಿರಿಯರೂ ದುಡಿಯುವ ಮಕ್ಕಳೂ ಒಟ್ಟಿಗೆ ಕುಳಿತು ಲೆಕ್ಕ ನೋಡಬೇಕು. ನಮ್ಮ ಹೋಟೆಲು ಮಾಲೀಕರು ಆ ದಿನ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವ ವಾಡಿಕೆ ಇದ್ದೇ ಇದೆ. ಪೂಜೆಯಾದ ಮೇಲೆ ಪುಸ್ತಕವನ್ನು ತೆರೆಯುವ ವಾಡಿಕೆಯೂ ಬರಲಿ. ಮನೆಯ ಹೆಂಗಸರು ಅಲ್ಲಿರಬೇಕು. ಅಡವಿಟ್ಟ ಬಳೆಯ ನೆನಪು ಅವರಿಗೇ ಇರುತ್ತದೆ.

ಎರಡನೆಯದಾಗಿ, ಮಕ್ಕಳು ಹಿರಿಯರ ಪಿಂಚಣಿಯ ಮೊತ್ತವನ್ನಷ್ಟೇ ನೋಡದೆ ಅದರ ಬೆಲೆ ಏನಿತ್ತೆಂದು ಕೇಳಬೇಕು. ಹಿರಿಯರು ಮಕ್ಕಳ ಸಂಬಳದ ಮೊತ್ತವನ್ನಷ್ಟೇ ನೋಡದೆ, ಅದರ ಬೆನ್ನ ಹಿಂದೆ ಏನೂ ಇಲ್ಲವೆಂಬುದನ್ನು ಅರಿಯಬೇಕು. ಖಾಸಗಿ ನೌಕರಿಯ ಹಿರಿಯರಿಗೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಹಿರಿಯರೆಲ್ಲರೂ ಸುಖವಾಗಿದ್ದಾರೆಂಬುದು ಕಿರಿಯರ ಭ್ರಮೆ.

ಮೂರನೆಯದಾಗಿ, ಮನಸ್ತಾಪ ತಣಿಸಲೆಂದು ಹಿರಿಯರು ಅವಸರದಲ್ಲಿ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಬಿಡಬಾರದು. ಹಾಗೆ ಕೊಡುವುದೇ ಆದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಆ ಷರತ್ತು ಮುರಿದರೆ ಅಂಥ ವರ್ಗಾವಣೆಯನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಲ್ಲಿ ಅವಕಾಶವಿದೆ. ಖಾತೆ, ಠೇವಣಿ, ವಿಮೆಗಳಿಗೆ ನಾಮನಿರ್ದೇಶನ ಮಾಡಿ, ಅವುಗಳ ಪಟ್ಟಿಯನ್ನು ಮನೆಯ ಇನ್ನೊಬ್ಬರಿಗೆ ತಿಳಿಸಿರಬೇಕು.

ನಾಲ್ಕನೆಯದಾಗಿ, ನಮ್ಮ ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಭಾನುವಾರ ರಕ್ತದೊತ್ತಡ ಪರೀಕ್ಷೆಯ ಮೇಜಿನ ಪಕ್ಕದಲ್ಲಿಯೇ ಪಿಂಚಣಿ, ವಿಮೆ, ಠೇವಣಿಗಳ ಸಲಹೆಯ ಮೇಜೊಂದನ್ನು ಇಟ್ಟರೆ ಬಹಳ ಉಪಕಾರವಾದೀತು. ಸಂಘದ ಸದಸ್ಯರಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ ಕೊರತೆಯಿಲ್ಲ. ಒಂದು ಮೇಜಿನಲ್ಲಿ ಕಾಣುವ ರೋಗದ ಮೂಲ ಇನ್ನೊಂದು ಮೇಜಿನಲ್ಲಿ ಸಿಕ್ಕುವ ಸಂಭವ ಕಡಿಮೆಯೇನಲ್ಲ.

ತಂದೆಯವರಿಗೆ ಈಗ ಎಪ್ಪತ್ತೇಳು. ಪ್ರತಿದಿನ ಬೆಳಗ್ಗೆ ಮಾತ್ರೆ ನುಂಗಿ, ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿಗೆ ಒಂದು ಗುರುತು ಹಾಕುತ್ತಾರೆ. ತಿಂಗಳ ಕೊನೆಗೆ ಮೊಮ್ಮಗಳು ಗುರುತುಗಳನ್ನು ಎಣಿಸುತ್ತಾಳೆ. ಒಂದು ಕಡಿಮೆಯಾದರೂ, ‘ಅಜ್ಜಯ್ಯ, ತಾಳೆಯಾಗುತ್ತಿಲ್ಲ’ ಎಂದು ಕೂಗುತ್ತಾಳೆ.